ಮನದ ಮದ್ದು, ತನುವಿನ ಋಣ

ತನು, ಮನ, ಧನಗಳನ್ನು ಗುರು, ಲಿಂಗ, ಜಂಗಮಕ್ಕೆ ಅರ್ಪಿಸಬೇಕೆಂಬುದು ನಮ್ಮ ಧರ್ಮದ ಮೂಲ ಬೋಧೆಗಳಲ್ಲಿ ಒಂದು. ಈ ಮೂರನ್ನೂ ನಾವು ಯಾವಾಗಲೂ ಒಟ್ಟಿಗೇ ಉಚ್ಚರಿಸುವುದರಿಂದ, ಅವುಗಳ ನಡುವೆ ವಿರೋಧವೆಂಬುದು ಎಂದೂ ತಲೆದೋರದೆಂದು ಭಾವಿಸಿರುತ್ತೇವೆ. ಆದರೆ ಮನವನ್ನು ಉಳಿಸುವ ಔಷಧಿಯೇ ತನುವನ್ನು ಸವೆಸತೊಡಗಿದರೆ ಏನು ಮಾಡಬೇಕು? ಯಾವುದನ್ನು ಕಾಯಬೇಕು, ಯಾವುದನ್ನು ಬಿಡಬೇಕು? ಅದನ್ನು ತೀರ್ಮಾನಿಸಬೇಕಾದವರು ಯಾರು? ಮಾನಸಿಕ ವ್ಯಾಧಿಗಾಗಿ ಹತ್ತಾರು ವರ್ಷಗಳಿಂದ ಔಷಧಿ ಸೇವಿಸುತ್ತಿರುವವರ ಮನೆಗಳಲ್ಲಿ ಇದು ನಿತ್ಯದ ಪ್ರಶ್ನೆ. ಮಠಕ್ಕೆ ಬರುವ ತಂದೆತಾಯಿಗಳು ಇದನ್ನು ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಜ್ವರದ ವಿಷಯ ಕೇಳುವಾಗ ಇಲ್ಲದ ಸಂಕೋಚ ಮನಸ್ಸಿನ ವ್ಯಾಧಿಯ ವಿಷಯ ಕೇಳುವಾಗ ಬರುತ್ತದೆ. ಆದ್ದರಿಂದಲೇ ಇದನ್ನು ಇಲ್ಲಿ ಬಹಿರಂಗವಾಗಿ ವಿಚಾರಿಸುವುದು ಯುಕ್ತವೆಂದು ತೋರಿತು.

ವಿಚಾರವು ಸ್ಪಷ್ಟವಾಗಲೆಂದು ಒಂದೇ ಔಷಧಿಯನ್ನು ಎತ್ತಿಕೊಳ್ಳೋಣ. ಅದು ಲಿಥಿಯಂ. 1817ರಲ್ಲಿ ಸ್ವೀಡನ್ ದೇಶದ ರಸಾಯನ ವಿಜ್ಞಾನಿ ಆರ್ಫ್‌ವೆಡ್‌ಸನ್ ಒಂದು ಖನಿಜದಲ್ಲಿ ಈ ಧಾತುವನ್ನು ಕಂಡುಹಿಡಿದನು. ಕಲ್ಲಿನಲ್ಲಿ ದೊರೆತುದರಿಂದ, ಕಲ್ಲು ಎಂಬ ಅರ್ಥದ ‘ಲಿಥೋಸ್’ ಎಂಬ ಗ್ರೀಕ್ ಪದವೇ ಇದರ ಹೆಸರಿಗೆ ಮೂಲವಾಯಿತು. 1949ರಲ್ಲಿ ಆಸ್ಟ್ರೇಲಿಯದ ಮನೋವೈದ್ಯ ಜಾನ್ ಕೇಡ್ ಅವರು ಉನ್ಮಾದದಿಂದ ಬಳಲುತ್ತಿದ್ದ ಹತ್ತು ಮಂದಿಗೆ ಇದರ ಲವಣವನ್ನು ಕೊಟ್ಟು, ಅದರ ಫಲವನ್ನು ಪ್ರಕಟಿಸಿದರು. ಅವರ ಮೊದಲ ರೋಗಿಯ ಕಥೆಯಲ್ಲಿಯೇ ನಮ್ಮ ಪ್ರಶ್ನೆಯೆಲ್ಲವೂ ಅಡಗಿದೆ. ವರ್ಷಗಟ್ಟಲೆ ಉನ್ಮಾದದಲ್ಲಿದ್ದ ಆ ಮನುಷ್ಯ 1948ರಲ್ಲಿ ಲಿಥಿಯಂ ಸೇವಿಸತೊಡಗಿ, ಕೆಲವೇ ತಿಂಗಳುಗಳಲ್ಲಿ ಮನೆಗೆ ಮರಳಿದನು. ಮುಂದೆ ಔಷಧಿಯನ್ನು ಬಿಟ್ಟನು, ವ್ಯಾಧಿ ಮರುಕಳಿಸಿತು. ಮತ್ತೆ ಔಷಧಿ ಆರಂಭವಾಯಿತು. 1950ರಲ್ಲಿ ಅದೇ ಲಿಥಿಯಂ ದೇಹದಲ್ಲಿ ಹೆಚ್ಚಾಗಿ, ವಿಷವಾಗಿ, ಅವನು ಮೃತನಾದನು. ಬಿಟ್ಟರೆ ಮನ ಕೆಟ್ಟಿತು, ಅಳತೆ ಮೀರಿದರೆ ತನು ಅಳಿಯಿತು. ಅದೇ 1949ರಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲು ಲಿಥಿಯಂ ಲವಣವನ್ನು ಬಳಸಲು ಕೊಟ್ಟುದರಿಂದಲೂ ಸಾವುಗಳು ಸಂಭವಿಸಿದುವು. ಅಳತೆಯನ್ನು ತಿಳಿಯದೆ ಕೊಟ್ಟುದರ ಫಲವಿದು.

ಅಳತೆಯನ್ನು ತಿಳಿಯುವ ಮಾರ್ಗವು ಕ್ರಮೇಣ ದೊರೆಯಿತು. ಡೆನ್ಮಾರ್ಕಿನ ಮೊಗೆನ್ಸ್ ಶೌ ಮತ್ತು ಅವರ ಸಹೋದ್ಯೋಗಿಗಳು 1954ರಿಂದ ಮುಂದಕ್ಕೆ ನಡೆಸಿದ ಅಧ್ಯಯನಗಳಿಂದ, ಲಿಥಿಯಂ ಉನ್ಮಾದವನ್ನು ಶಮನಗೊಳಿಸುವುದಲ್ಲದೆ ಅದು ಮರುಕಳಿಸದಂತೆ ತಡೆಯುತ್ತದೆಂಬುದೂ ಸ್ಥಾಪಿತವಾಯಿತು. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆದು ಕೊಡುವ ಪದ್ಧತಿ ಬಂದಿತು. ದೀರ್ಘಕಾಲದ ಸೇವನೆಯಲ್ಲಿ ಆ ಪ್ರಮಾಣವು ಒಂದು ಲೀಟರಿಗೆ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೋಲ್ ಇರಬೇಕು, 1.5ನ್ನು ದಾಟಿದರೆ ವಿಷಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಔಷಧಿಗೂ ವಿಷಕ್ಕೂ ನಡುವೆ ಇಷ್ಟು ಕಡಿಮೆ ಅಂತರವಿರುವ ಮದ್ದುಗಳು ವಿರಳ.

ಇಂತಹ ಮದ್ದನ್ನು ಏಕೆ ಸೇವಿಸಬೇಕೆಂದು ಕೆಲವರು ಕೇಳಬಹುದು. ಬೈಪೋಲಾರ್ ಎಂದು ಇಂದು ಕರೆಯಲಾಗುವ, ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬಂದು ಹೋಗುವ ವ್ಯಾಧಿಯನ್ನು ಹತ್ತಿರದಿಂದ ಕಂಡವರು ಹೀಗೆ ಕೇಳಲಾರರು. ಉನ್ಮಾದದ ಒಂದು ವಾರದಲ್ಲಿ ಹೊಲ ಮಾರಿಹೋಗುತ್ತದೆ, ಸಾಲವೇರುತ್ತದೆ, ನೌಕರಿ ಹೋಗುತ್ತದೆ. ನಂತರ ಬರುವ ಖಿನ್ನತೆಯಲ್ಲಿ ಪ್ರಾಣವೇ ಬೇಡವಾಗುತ್ತದೆ. ಈ ವ್ಯಾಧಿಯಲ್ಲಿ ಆತ್ಮಹತ್ಯೆಯ ಭಯವು ಅತಿಯಾಗಿರುತ್ತದೆ. ಅನೇಕ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಲಿಥಿಯಂ ಸೇವಿಸುವವರಲ್ಲಿ ಆತ್ಮಹತ್ಯೆಗಳು ಕಡಿಮೆಯಾಗಿರುವುದನ್ನು ತೋರಿಸಿತು. ಎಷ್ಟೋ ಜನ ಶಿಕ್ಷಕರು, ರೈತರು, ಗೃಹಿಣಿಯರು ಈ ಮಾತ್ರೆಯ ಬಲದಿಂದ ತಮ್ಮ ಕಾಯಕವನ್ನು ನಡೆಸಿಕೊಂಡು, ಮಕ್ಕಳನ್ನು ಬೆಳೆಸಿ, ಪೂಜೆಗೆ ಶಾಂತವಾಗಿ ಕುಳಿತುಕೊಳ್ಳುತ್ತಾರೆ. ಈ ಉಪಕಾರವನ್ನು ಮರೆತು ಮುಂದಿನ ಮಾತನ್ನು ಆಡಬಾರದು.

ಇನ್ನು ತನುವಿನ ಋಣದ ವಿಷಯ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ಮರಳಿ ದೇಹಕ್ಕೆ ಸೇರಿಸಿ, ಸುಮಾರು ಒಂದೂವರೆ ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಸೇವಿಸಿದ ಲಿಥಿಯಂ ದೇಹದಲ್ಲಿ ಜೀರ್ಣವಾಗಿ ಬದಲಾಗುವುದಿಲ್ಲ. ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಹೀಗೆ ಹೋಗುವಾಗ ಅದು, ನೀರನ್ನು ಮರಳಿ ಹೀರುವ ಸೂಕ್ಷ್ಮ ನಾಳಗಳ ಕೋಶಗಳೊಳಗೆ ಸೇರಿಕೊಂಡು ಆ ಶಕ್ತಿಯನ್ನು ಕುಂದಿಸುತ್ತದೆ. ಅದರಿಂದ ಕೆಲವರಿಗೆ ದಿನಕ್ಕೆ ಮೂರು ಲೀಟರಿಗೂ ಮೀರಿ ಮೂತ್ರ ಹೋಗುತ್ತದೆ, ಬಾಯಾರಿಕೆ ಹಿಂಗುವುದಿಲ್ಲ, ರಾತ್ರಿಯ ನಿದ್ರೆ ಹಲವು ಬಾರಿ ಮುರಿಯುತ್ತದೆ. ಇದಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. ಎರಡನೆಯ ಹಾನಿಯು ಇನ್ನೂ ನಿಧಾನವಾದುದು. 1977ರಲ್ಲಿ ಡೆನ್ಮಾರ್ಕಿನ ವೈದ್ಯರು, ದೀರ್ಘಕಾಲ ಲಿಥಿಯಂ ಸೇವಿಸಿದವರ ಮೂತ್ರಪಿಂಡದಲ್ಲಿ ಗಾಯ ಮಾಗಿ ಗಟ್ಟಿಯಾದಂತಹ ಗುರುತುಗಳಿರುವುದನ್ನು ವರದಿ ಮಾಡಿದರು. ಹತ್ತಿಪ್ಪತ್ತು ವರ್ಷ ಸೇವಿಸಿದವರಲ್ಲಿ ಕೆಲವರ ಮೂತ್ರಪಿಂಡದ ಶಕ್ತಿ ಸದ್ದಿಲ್ಲದೆ ಕುಗ್ಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ; ಡಯಾಲಿಸಿಸ್ ಹಂತವನ್ನು ಮುಟ್ಟುವವರು ಅಲ್ಪಸಂಖ್ಯಾತರು. ಆದರೆ ಆಗುವವರಿಗೆ ನೋವಿನ ಮುನ್ಸೂಚನೆಯಿರುವುದಿಲ್ಲ. ರಕ್ತಪರೀಕ್ಷೆಯೊಂದೇ ಅದನ್ನು ಹೇಳಬಲ್ಲುದು.

ಈ ಹಾನಿಗೆ ಪರಿಹಾರಗಳಿಲ್ಲವೆಂದು ಭಾವಿಸುವುದು ತಪ್ಪು. ಗುಣ ಕೊಡುವಷ್ಟೇ ಕಡಿಮೆ ಪ್ರಮಾಣದಲ್ಲಿ ಔಷಧಿಯನ್ನು ಇರಿಸುವುದು ಮೊದಲನೆಯದು. ದಿನದ ಮಾತ್ರೆಯನ್ನು ರಾತ್ರಿ ಒಂದೇ ಸಲ ಕೊಡುವುದರಿಂದ ಕೆಲವರಲ್ಲಿ ಮೂತ್ರದ ಪ್ರಮಾಣ ತಗ್ಗುತ್ತದೆ. ಅಮಿಲೋರೈಡ್ ಎಂಬ ಔಷಧಿಯು, ಲಿಥಿಯಂ ಆ ಕೋಶಗಳೊಳಗೆ ನುಗ್ಗುವ ಬಾಗಿಲನ್ನೇ ಮುಚ್ಚುತ್ತದೆಂಬುದು 1985ರ ಅಧ್ಯಯನದಿಂದ ವೈದ್ಯಲೋಕಕ್ಕೆ ಪರಿಚಿತವಾಯಿತು. ಅದನ್ನು ಕೊಡುವಾಗ ರಕ್ತದಲ್ಲಿ ಪೊಟ್ಯಾಸಿಯಂ ಏರದಂತೆ ನೋಡಿಕೊಳ್ಳಬೇಕು. ಥಯಾಜೈಡ್ ಗುಂಪಿನ ಮಾತ್ರೆಗಳೂ ಮೂತ್ರವನ್ನು ಕಡಿಮೆ ಮಾಡುತ್ತವೆ, ಆದರೆ ಅವು ಲಿಥಿಯಂ ಪ್ರಮಾಣವನ್ನು ಏರಿಸುವುದರಿಂದ ವೈದ್ಯರು ಎಚ್ಚರದಿಂದ ಬಳಸುತ್ತಾರೆ. ಕೊನೆಯ ಮಾತ್ರೆ ಸೇವಿಸಿದ 12 ಗಂಟೆಗಳ ನಂತರ ರಕ್ತ ತೆಗೆಸಿ ಲಿಥಿಯಂ ಪ್ರಮಾಣವನ್ನು ಕಾಲಕಾಲಕ್ಕೆ ನೋಡಬೇಕು. ಆರು ತಿಂಗಳಿಗೊಮ್ಮೆಯಾದರೂ ಕ್ರಿಯಾಟಿನಿನ್, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳಾಗಬೇಕು. ಮೂತ್ರಪಿಂಡದ ಶಕ್ತಿ ಇಳಿಯುತ್ತಿರುವುದು ಆರಂಭದಲ್ಲಿಯೇ ತಿಳಿದರೆ ಮಾರ್ಗಗಳು ಹಲವು. ಒಂದು ಹಂತವನ್ನು ದಾಟಿದ ಮೇಲೆ ಲಿಥಿಯಂ ನಿಲ್ಲಿಸಿದರೂ ಹಾನಿ ಮುಂದುವರಿಯಬಹುದು. ಬೇರೆ ಔಷಧಿಗೆ ಬದಲಾಯಿಸುವುದಾದರೆ ವೈದ್ಯರು ವಾರಗಳ, ಸಾಧ್ಯವಾದರೆ ತಿಂಗಳುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟವರಲ್ಲಿ ಉನ್ಮಾದವು ಬೇಗನೆ ಮರುಕಳಿಸುತ್ತದೆ. ಬದಲಿ ಔಷಧಿಗಳಿಗೂ ಅವುಗಳದೇ ಆದ ತೊಂದರೆಗಳಿವೆ.

ವೈದ್ಯಶಾಸ್ತ್ರದ ಮಾತು ಇಷ್ಟು. ಇನ್ನು ಧರ್ಮದ ಪ್ರಶ್ನೆಗೆ ಬರೋಣ.

ಮನೆಯವರು ಇಲ್ಲಿ ಎರಡು ಬಗೆಯ ತಪ್ಪುಗಳಿಗೆ ಒಳಗಾಗುತ್ತಾರೆ. ಒಂದು, ಮೂತ್ರಪಿಂಡಕ್ಕೆ ಹಾನಿಯೆಂಬ ಮಾತು ಕಿವಿಗೆ ಬಿದ್ದೊಡನೆ “ಈ ಮಾತ್ರೆ ಬಿಟ್ಟುಬಿಡು, ದೇವರಿದ್ದಾನೆ” ಎಂದು ಹೇಳುವುದು. ಇದರ ಹಿಂದೆ ಅನೇಕ ವೇಳೆ ದೇಹದ ಮೇಲಿನ ಕಾಳಜಿಗಿಂತ, ಮನೆಯಲ್ಲಿ ಹುಚ್ಚಿನ ಮಾತ್ರೆಯಿದೆಯೆಂಬ ನಾಚಿಕೆಯೇ ಹೆಚ್ಚಾಗಿರುತ್ತದೆ. ಮದುವೆಯ ಮಾತುಕತೆ ನಡೆಯುವ ಕಾಲಕ್ಕೇ ಮೂತ್ರಪಿಂಡದ ಚಿಂತೆ ನೆನಪಾಗುವುದುಂಟು! ಇನ್ನೊಂದು, ರೋಗಿಯು “ನನಗೆ ಬಾಯಾರಿಕೆ ತಡೆಯಲಾಗುತ್ತಿಲ್ಲ, ರಾತ್ರಿ ಐದಾರು ಬಾರಿ ಏಳುತ್ತೇನೆ” ಎಂದಾಗ, “ಅದೆಲ್ಲ ನಿನ್ನ ಮನಸ್ಸಿನ ಭ್ರಮೆ, ಸುಮ್ಮನೆ ಮಾತ್ರೆ ತೆಗೆದುಕೊ” ಎಂದು ಗದರಿಸುವುದು. ಒಮ್ಮೆ ಮನಸ್ಸಿನ ರೋಗಿಯೆಂದು ಹೆಸರಾದವನ ದೇಹದ ದೂರನ್ನು ಯಾರೂ ನಂಬುವುದಿಲ್ಲ. ಕೆಲವರಂತೂ ರಾತ್ರಿ ಏಳುತ್ತಾನೆಂದು ಸಂಜೆಯಿಂದ ನೀರನ್ನೇ ಕೊಡುವುದಿಲ್ಲ; ಅಪಾಯವನ್ನು ತಾವೇ ಬರಮಾಡಿಕೊಳ್ಳುವ ಕೆಲಸವದು. ಮೊದಲನೆಯವರು ಮನವನ್ನು ಮರೆತರು, ಎರಡನೆಯವರು ತನುವನ್ನು ಮರೆತರು. ಇಬ್ಬರಿಗೂ ಕಂಡುದು ಅರ್ಧ ಮನುಷ್ಯನೇ.

ನಮ್ಮ ಸಿದ್ಧಾಂತವು ಇಂತಹ ಅರ್ಧದೃಷ್ಟಿಗೆ ಎಡೆಗೊಡುವುದಿಲ್ಲ. ದೀಕ್ಷೆಯು ತ್ರಿವಿಧವಾಗಿ, ಸ್ಥೂಲ ಶರೀರಕ್ಕೆ ಇಷ್ಟಲಿಂಗವೂ ಸೂಕ್ಷ್ಮ ಶರೀರಕ್ಕೆ ಪ್ರಾಣಲಿಂಗವೂ ಕಾರಣ ಶರೀರಕ್ಕೆ ಭಾವಲಿಂಗವೂ ಸಂಬಂಧಗೊಳ್ಳುತ್ತವೆಂದು ಆಚಾರ್ಯರು ಬೋಧಿಸಿದ್ದಾರೆ. ಲಿಂಗಸಂಬಂಧವು ಮೂರರಲ್ಲಿಯೂ ಇರುವಾಗ, ಕೈಯ ಮೇಲಿನ ಲಿಂಗವನ್ನು ನೋಡುವ ಕಣ್ಣಾಗಲಿ, ಅದನ್ನು ಧ್ಯಾನಿಸುವ ಮನಸ್ಸಾಗಲಿ, ಕಣ್ಣಿಗೆ ಕಾಣದೆ ರಕ್ತವನ್ನು ಶೋಧಿಸುವ ಮೂತ್ರಪಿಂಡವಾಗಲಿ ಕೀಳೆನ್ನುವಂತಿಲ್ಲ. ಕಾಯವು ಪ್ರಸಾದಕಾಯವಾಗಬೇಕೆಂದು ಹೇಳುವ ಧರ್ಮದಲ್ಲಿ, ಪ್ರಸಾದವನ್ನು ಚೆಲ್ಲುವುದು ಹೇಗೆ ದೋಷವೋ ದೇಹವನ್ನು ಅಲಕ್ಷ್ಯದಿಂದ ಹಾಳುಗೆಡಹುವುದೂ ಹಾಗೆಯೇ ದೋಷ.

“ಹಾಗಾದರೆ ಹಾನಿಯಾಗುವುದೆಂದು ತಿಳಿದೂ ಲಿಥಿಯಂ ಸೇವಿಸುವುದು ದೇಹಕ್ಕೆ ಬಗೆಯುವ ದ್ರೋಹವಲ್ಲವೆ?” ಎಂಬ ಆಕ್ಷೇಪ ಬರುವುದು ಸಹಜ. ಇದು ಗಂಭೀರವಾದ ಆಕ್ಷೇಪ. ಆದರೆ ಸವೆಯುವುದಕ್ಕೂ ಪೋಲಾಗುವುದಕ್ಕೂ ಇರುವ ಭೇದವನ್ನು ನಾವು ಗಮನಿಸಬೇಕು. ನೇಕಾರನ ಕಣ್ಣು ಮಗ್ಗದ ಮುಂದೆ ಸವೆಯುತ್ತದೆ, ರೈತನ ಬೆನ್ನು ನೇಗಿಲ ಹಿಂದೆ ಬಾಗುತ್ತದೆ, ಹೆತ್ತ ತಾಯಿಯ ದೇಹವು ಮಕ್ಕಳಿಗಾಗಿ ಬಡವಾಗುತ್ತದೆ. ಇವರನ್ನು ದೇಹದ್ರೋಹಿಗಳೆಂದು ಯಾರೂ ಕರೆಯುವುದಿಲ್ಲ. ಬದುಕುವುದೆಂದರೆ ದೇಹವನ್ನು ಯಾವುದಾದರೊಂದು ಸತ್ಕಾರ್ಯಕ್ಕೆ ವ್ಯಯ ಮಾಡುವುದೇ ಆಗಿದೆ. ವ್ಯಯವು ಅಪವ್ಯಯವಾಗುವುದು ಮೂರು ಸಂದರ್ಭಗಳಲ್ಲಿ: ಬೆಲೆ ತೆರುವವನಿಗೆ ಬೆಲೆಯೇ ತಿಳಿಯದಿದ್ದಾಗ, ತಿಳಿದರೂ ಅವನ ಒಪ್ಪಿಗೆಯಿಲ್ಲದಿದ್ದಾಗ, ತಗ್ಗಿಸಬಹುದಾದ ಬೆಲೆಯನ್ನು ಯಾರೂ ತಗ್ಗಿಸದಿದ್ದಾಗ. ಈ ಮೂರು ದೋಷಗಳಿಲ್ಲದೆ, ಅರಿತು, ಒಪ್ಪಿ, ಪರೀಕ್ಷೆಗಳ ಕಾವಲಿನಲ್ಲಿ ಔಷಧಿ ಸೇವಿಸುವವನು ತನ್ನ ದೇಹವನ್ನು ಗೌರವಿಸಿದವನೇ ಆಗುತ್ತಾನೆ.

ಇಲ್ಲಿ ಒಂದು ನೋವಿನ ವಿಷಯವನ್ನು ಹೇಳಲೇಬೇಕಾಗಿದೆ. ರೋಗಿಯು ಮಾತ್ರೆಗೆ ಒಪ್ಪುವುದಿಲ್ಲವೆಂದು ಅದನ್ನು ಪುಡಿಮಾಡಿ ಹಾಲಿನಲ್ಲೋ ಸಾರಿನಲ್ಲೋ ಗೊತ್ತಾಗದಂತೆ ಬೆರೆಸಿಕೊಡುವ ಮನೆಗಳಿವೆ. ಅಂತಹ ತಾಯಂದಿರ ಸಂಕಟವನ್ನು ಬಲ್ಲೆವು. ಅವರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಲಿಥಿಯಂ ವಿಷಯದಲ್ಲಿ ಈ ಗುಟ್ಟು ಪ್ರಾಣಾಪಾಯಕಾರಿ. ತಾನು ಇದನ್ನು ಸೇವಿಸುತ್ತಿದ್ದೇನೆಂದು ಅರಿಯದವನು ನೀರು ಕುಡಿಯಬೇಕೆಂಬುದನ್ನು ಅರಿಯನು. ಕೈ ನಡುಗಿದರೆ ಕಾರಣವನ್ನು ಅರಿಯನು. ಮಂಡಿನೋವಿಗೆಂದು ಅಂಗಡಿಯಿಂದ ಮಾತ್ರೆ ತರುವಾಗ ಎಚ್ಚರ ವಹಿಸಲು ಅರಿಯನು. ಮರೆಮಾಚಿದ ಔಷಧಿಯನ್ನು ರೋಗಿಯು ತಾನೇ ಕಾಯ್ದುಕೊಳ್ಳಲು ಸಾಧ್ಯವೇ ಇಲ್ಲ. ಸತ್ಯವನ್ನು ನುಡಿಯುವುದು ಇಲ್ಲಿ ನೀತಿಯ ಮಾತಾಗಿರುವಂತೆಯೇ ಚಿಕಿತ್ಸೆಯ ಅಂಗವೂ ಆಗಿದೆ. ಒಪ್ಪದವನನ್ನು ಒಪ್ಪಿಸುವ ದಾರಿಯನ್ನು ವೈದ್ಯರೊಡನೆ ಕುಳಿತು ಹುಡುಕಬೇಕು.

“ಮನಸ್ಸೇ ಸ್ವಸ್ಥವಿಲ್ಲದವನು ತೀರ್ಮಾನವನ್ನು ಹೇಗೆ ಮಾಡಿಯಾನು?” ಎಂಬುದು ಮುಂದಿನ ಪ್ರಶ್ನೆ. ಈ ವ್ಯಾಧಿಯು ಬಂದು ಹೋಗುವಂತಹುದು. ಉನ್ಮಾದದ ದಿನಗಳಲ್ಲಿ ವಿವೇಚನೆ ಮುಸುಕಾಗಬಹುದು. ಆದರೆ ನಡುವಣ ತಿಂಗಳುಗಳಲ್ಲಿ, ವರ್ಷಗಳಲ್ಲಿ, ಅದೇ ವ್ಯಕ್ತಿ ನಮ್ಮ ನಿಮ್ಮಂತೆಯೇ ವಿಚಾರಶಕ್ತಿಯುಳ್ಳವನಾಗಿರುತ್ತಾನೆ. ಆ ಸ್ವಸ್ಥ ಕಾಲದಲ್ಲಿಯೇ ಅವನನ್ನು ಕೇಳಬೇಕು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಇದಕ್ಕೆ ಅವಕಾಶ ಕಲ್ಪಿಸಿದೆ. ಮುಂದೆ ವ್ಯಾಧಿ ಹೆಚ್ಚಾದಾಗ ತನಗೆ ಎಂತಹ ಚಿಕಿತ್ಸೆ ಬೇಕು, ಎಂತಹುದು ಬೇಡ, ತನ್ನ ಪರವಾಗಿ ನಿಲ್ಲಬೇಕಾದವರು ಯಾರು ಎಂಬುದನ್ನು ವಯಸ್ಕನಾದ ಪ್ರತಿಯೊಬ್ಬನೂ ಮುಂಗಡ ನಿರ್ದೇಶನವಾಗಿ ಬರೆದಿಡಬಹುದು. ಆಸ್ತಿಗೆ ಉಯಿಲು ಬರೆಯುವ ನಾವು ತನುಮನಗಳ ವಿಷಯದಲ್ಲಿ ಇಷ್ಟು ವ್ಯವಸ್ಥೆಯನ್ನು ಮಾಡಿಕೊಳ್ಳಬಾರದೇಕೆ?

ಮಠದ ಭಕ್ತರಾದ ನಿಮಗೆ ವಿಶೇಷವಾಗಿ ತಿಳಿಸಬೇಕಾದ ಮಾತೊಂದಿದೆ. ಮೂತ್ರಪಿಂಡವು ಲಿಥಿಯಮನ್ನು ಉಪ್ಪಿನ ಸೋಡಿಯಮಿನಂತೆಯೇ ಭಾವಿಸಿ ನಡೆಸಿಕೊಳ್ಳುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಅದು ಸೋಡಿಯಮನ್ನು ಹಿಡಿದಿಟ್ಟುಕೊಳ್ಳುವಂತೆ ಲಿಥಿಯಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಶಿವರಾತ್ರಿಯಂದು ನೀರನ್ನೂ ಮುಟ್ಟದ ಉಪವಾಸ, ಶ್ರಾವಣದಲ್ಲಿ ಉಪ್ಪು ಬಿಡುವ ವ್ರತ, ಇವು ಲಿಥಿಯಂ ಸೇವಿಸುವವರಿಗೆ ಸಲ್ಲವು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ನೂರಾರು ಕಿಲೋಮೀಟರು ಪಾದಯಾತ್ರೆ ಕೈಗೊಳ್ಳುತ್ತಾರೆ. ಬಿರುಬಿಸಿಲಿನಲ್ಲಿ ಬೆವರು ಸುರಿಯುತ್ತದೆ, ನೀರು ಸಾಲದಾಗುತ್ತದೆ, ಕಾಲುನೋವಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಕೇಳಿದವರಿಗೆಲ್ಲ ಹಂಚಲಾಗುತ್ತದೆ. ಈ ನೋವಿನ ಮಾತ್ರೆಗಳೂ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಲಿಥಿಯಂ ಪ್ರಮಾಣವನ್ನು ಏರಿಸತಕ್ಕವು. ಬೆವರು, ಬಾಯಾರಿಕೆ, ನೋವಿನ ಮಾತ್ರೆ ಮೂರೂ ಕೂಡಿದರೆ ಎರಡು ಮೂರು ದಿನಗಳಲ್ಲಿಯೇ ವಿಷವೇರಬಹುದು. ವಾಂತಿ, ಭೇದಿ, ಕೈಗಳ ಒರಟು ನಡುಕ, ತೂರಾಡುವ ನಡಿಗೆ, ತೊದಲು ಮಾತು, ಮಂಪರು, ಇವು ಅದರ ಲಕ್ಷಣಗಳು. ಕಂಡೊಡನೆ ಮುಂದಿನ ಮಾತ್ರೆಯನ್ನು ಕೊಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಲಿಥಿಯಂ ಸೇವಿಸುವ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು. ಭಕ್ತಿಯ ಆವೇಶವೆಂದೋ ಬಿಸಿಲಿನ ಬಳಲಿಕೆಯೆಂದೋ ತಿಳಿದು ಮರದ ನೆರಳಿನಲ್ಲಿ ಮಲಗಿಸಿ ಕಾಯುತ್ತ ಕೂಡಬಾರದು.

“ಹರಕೆ ಹೊತ್ತಿದ್ದೇನೆ, ಮುರಿದರೆ ಶಿವ ಮೆಚ್ಚುವನೆ?” ಎಂದು ಕೇಳುವವರಿಗೆ ನಮ್ಮ ಉತ್ತರ ಸರಳವಾಗಿದೆ. ದೇಹವನ್ನು ದಂಡಿಸಿ ದೇವರನ್ನು ಒಲಿಸುವ ಮಾರ್ಗವನ್ನು ಶರಣರು ಎತ್ತಿಹಿಡಿಯಲಿಲ್ಲ. ಶರೀರವನ್ನೇ ಶಿವಾಲಯವೆಂದು ಭಾವಿಸಿದವರು ಅವರು. ಉಪವಾಸವನ್ನು ಜಪಕ್ಕೆ, ಪಾದಯಾತ್ರೆಯನ್ನು ದಾಸೋಹದ ಸೇವೆಗೆ ಬದಲಾಯಿಸಿಕೊಂಡರೆ ಹರಕೆಯು ಕೆಡುವುದಿಲ್ಲ. ಗುರುವಿನ ಬಳಿ ಬಂದು ಹೇಳಿದರೆ ಯಾವ ಗುರುವೂ ಇದಕ್ಕೆ ಇಲ್ಲವೆನ್ನಲಾರನು. ದಾರಿಯಲ್ಲಿ ದಾಸೋಹ ನಡೆಸುವವರು ಅನ್ನದ ಜೊತೆಗೆ ನೀರನ್ನು ಧಾರಾಳವಾಗಿಡಲಿ, ನೋವಿನ ಮಾತ್ರೆ ಕೊಡುವ ಮುನ್ನ “ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರಿ?” ಎಂದು ಒಂದು ಮಾತು ಕೇಳಲಿ. ಆ ಪ್ರಶ್ನೆಗೆ ನಾಲ್ಕು ಜನರ ಮುಂದೆ ನಾಚಿಕೆಯಿಲ್ಲದೆ ಉತ್ತರಿಸುವಂತಹ ವಾತಾವರಣವನ್ನು ನಿರ್ಮಿಸುವುದು ನಮ್ಮೆಲ್ಲರ ಹೊಣೆ.

ಕೊನೆಯದಾಗಿ, ಎಲ್ಲ ಎಚ್ಚರವನ್ನು ವಹಿಸಿದರೂ ಮೂತ್ರಪಿಂಡವು ಕುಗ್ಗುತ್ತಲೇ ಹೋದವರ ಮಾತು. ಅವರ ಮುಂದಿರುವುದು ಕಠಿನವಾದ ಆಯ್ಕೆ. ಬೇರೆ ಯಾವ ಔಷಧಿಯೂ ಹಿಡಿಯದೆ, ಆತ್ಮಹತ್ಯೆಯ ಅಂಚಿನಿಂದ ಲಿಥಿಯಂ ಒಂದರಿಂದಲೇ ಮರಳಿದ ವ್ಯಕ್ತಿಯು, ಮೂತ್ರಪಿಂಡ ತಜ್ಞರ ಮತ್ತು ಮನೋವೈದ್ಯರ ಜಂಟಿ ಕಾವಲಿನಲ್ಲಿ ಅದನ್ನೇ ಮುಂದುವರಿಸಬಯಸಬಹುದು. ಡಯಾಲಿಸಿಸ್ ಪಡೆಯುತ್ತಲೂ ಅಳೆದ ಪ್ರಮಾಣದಲ್ಲಿ ಲಿಥಿಯಂ ಪಡೆಯುವವರುಂಟು. ಇನ್ನೊಬ್ಬರು, ಮನಸ್ಸಿನ ಸ್ಥಿರತೆ ಸ್ವಲ್ಪ ಕುಂದಿದರೂ ಸರಿ, ಬೇರೆ ಔಷಧಿಗೆ ಹೋಗಿ ಮೂತ್ರಪಿಂಡವನ್ನು ಉಳಿಸಿಕೊಳ್ಳುತ್ತೇನೆ ಎನ್ನಬಹುದು. ಮೊದಲನೆಯವನಿಗೆ ದೇಹದ ಮೇಲೆ ತಿರಸ್ಕಾರವಿದೆಯೆಂದಾಗಲಿ, ಎರಡನೆಯವನಿಗೆ ಧೈರ್ಯವಿಲ್ಲವೆಂದಾಗಲಿ ಹೊರಗೆ ನಿಂತವರು ತೀರ್ಪು ಕೊಡಬಾರದು. ಎರಡು ನೋವುಗಳನ್ನೂ ಹೊರುವವನು ಒಬ್ಬನೇ ಆಗಿರುವಾಗ, ಅವುಗಳ ಭಾರವನ್ನು ತೂಗುವ ಅಧಿಕಾರವೂ ಅವನದೇ. ಮನೆಯವರು, ವೈದ್ಯರು, ಗುರುಗಳು ಬೆಳಕನ್ನು ಹಿಡಿಯಬಹುದು. ಹೆಜ್ಜೆಯನ್ನು ಅವನೇ ಇಡಬೇಕು.

ಆದುದರಿಂದ ಸದ್ಭಕ್ತರೆ, ನಿಮ್ಮ ಮನೆಯಲ್ಲಿ ಇಂತಹವರಿದ್ದರೆ ಮಾತ್ರೆಯನ್ನು ಬಚ್ಚಿಡಬೇಡಿ, ಅದರ ದೋಷವನ್ನೂ ಬಚ್ಚಿಡಬೇಡಿ. ರಕ್ತಪರೀಕ್ಷೆಯ ದಿನವನ್ನು ಮನೆಯ ಪಂಚಾಂಗದಲ್ಲಿ ಹಬ್ಬಗಳ ಜೊತೆಗೆ ಗುರುತು ಮಾಡಿಕೊಳ್ಳಿ. ಕುಡಿಯುವ ನೀರಿನ ತಂಬಿಗೆ ಅವರ ಕೈಗೆಟುಕುವಲ್ಲಿರಲಿ. ದಾರಿ ತೋಚದಾದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಠದ ಬಾಗಿಲೂ ತೆರೆದಿದೆ. ಇಲ್ಲಿ ತಗ್ಗಿದ ದನಿಯಲ್ಲಿ ಕೇಳಬೇಕಾದ ಅಗತ್ಯವಿಲ್ಲ. ತನುವೂ ಮನವೂ ಎರಡೂ ಲಿಂಗಕ್ಕೆ ಸಲ್ಲಬೇಕಾದುವು. ಒಂದನ್ನು ಉಳಿಸುವ ಭರದಲ್ಲಿ ಮತ್ತೊಂದನ್ನು ಮರೆಯದಂತಹ ವಿವೇಕವನ್ನು ಪರಶಿವನು ಎಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.